ಎರಡನೇ ಮಾತು

ನಮ್ಮ ಊರಿನಲ್ಲಿ ಕರೆದರೆ ಯಾರೂ ಓ ಎನ್ನುವುದಿಲ್ಲ. ಓ ಎನ್ನುವುದು ನರಿಗಳು. ಹೊಸದಾಗಿ ಬಂದವರು ಇದನ್ನು ಕೇಳಿ ನಗುತ್ತಾರೆ, ಒಂದು ವಾರ ಕಳೆದ ಮೇಲೆ ನಗುವುದನ್ನು ಬಿಡುತ್ತಾರೆ. ಬೇರೆ ಊರಿನಿಂದ ಬಂದ ಸೊಸೆಯರಿಗೆ ಇಲ್ಲಿ ಮೊದಲು ಕಲಿಸುವುದು ಗಂಡನ ಮನೆಯ ಸಾರಿನ ಹದವನ್ನಲ್ಲ, ಬಾಯಿ ಬಿಡದೆ ಓಗೊಡುವುದನ್ನು. ಅತ್ತೆ ಕರೆದರೆ ಎರಡು ಸಲ ಚಪ್ಪಾಳೆ ತಟ್ಟಬೇಕು. ಕೈಯಲ್ಲಿ ಕೆಲಸವಿದ್ದರೆ ಹತ್ತಿರದ ಪಾತ್ರೆಗೆ ಸೌಟಿನಿಂದ ಬಡಿಯಬೇಕು. ಅಭ್ಯಾಸಬಲದಿಂದ ಓ ಎಂದುಬಿಟ್ಟರೆ ಅತ್ತೆ ಮೊದಲು ಪೊರಕೆ ಹಿಡಿದು ಹಿತ್ತಲಿಗೆ ಹೋಗಿ ನರಿ ಇದೆಯೇ ಎಂದು ನೋಡುತ್ತಾಳೆ, ಆಮೇಲೆ ಅದೇ ಪೊರಕೆ ಹಿಡಿದು ಒಳಗೆ ಬರುತ್ತಾಳೆ. ನಮ್ಮ ಪಕ್ಕದ ಮನೆಯಲ್ಲಿದ್ದ ಗಾರೆ ಮೇಸ್ತ್ರಿಯ ಹೆಸರು ಓಬಳೇಶ. ಅವನನ್ನು ಊರೆಲ್ಲ ಬಳೇಶ ಎಂದೇ ಕರೆಯುತ್ತದೆ. ಮದುವೆಯ ಕರೆಯೋಲೆಯಲ್ಲೂ ಹಾಗೇ ಅಚ್ಚು ಹಾಕಿಸಿದ್ದ.

ನರಿಗಳು ಊರೊಳಗೆ ಬಂದಿದ್ದು ನಾನು ಚಿಕ್ಕವನಿದ್ದಾಗ. ಹೊರಗಿನ ಬೀಳು, ಕುರುಚಲು ಕಾಡು ಎಲ್ಲ ಸೈಟುಗಳಾದ ಮೇಲೆ ಅವು ಮತ್ತೆಲ್ಲಿಗೆ ಹೋಗಬೇಕು? ಬಂದ ಹೊಸದರಲ್ಲಿ ಊಳಿಡುತ್ತಿದ್ದವು. ಊಳಿಟ್ಟರೆ ನಾಯಿಗಳು ಬರುತ್ತಿದ್ದವು, ನಾಯಿಗಳ ಹಿಂದೆ ದೊಣ್ಣೆ ಹಿಡಿದ ಜನ. ಹೀಗಾಗಿ ಊಳಿಡುವುದನ್ನು ಬಿಟ್ಟವು. ಸಿಗ್ನಲ್ಲಿನಲ್ಲಿ ಜನರ ಕಾಲುಗಳ ಹಿಂದೆ ನಿಂತು, ಜನ ದಾಟುವಾಗ ದಾಟುವುದನ್ನು ಕಲಿತವು. ಕೋಳಿ ಅಂಗಡಿಗೆ ಯಾವತ್ತು ರಜೆ, ಯಾವ ಕಲ್ಯಾಣಮಂಟಪದಲ್ಲಿ ಎಲೆ ಎಲ್ಲಿಗೆ ಎಸೆಯುತ್ತಾರೆ ಎಂಬುದು ನಮಗಿಂತ ಅವಕ್ಕೆ ಚೆನ್ನಾಗಿ ಗೊತ್ತಾಯಿತು. ರಾಜಕಾಲುವೆಯ ಮೇಲೆ ಹಾಸಿದ ಚಪ್ಪಡಿಗಳ ಕೆಳಗೆ, ನೀರಿಗಿಂತ ಎತ್ತರದಲ್ಲಿ ಒಂದು ಕಟ್ಟೆಯಿದೆ. ಅಲ್ಲಿ ಮರಿ ಹಾಕತೊಡಗಿದವು. ಕೊನೆಗೆ ಓ ಎನ್ನುವುದನ್ನೂ ಕಲಿತವು. ಸಂಜೆ ತಾಯಿಯೊಬ್ಬಳು ಬೀದಿಯಲ್ಲಾಡುವ ಮಗಳನ್ನು ಕೂಗಿದರೆ ಗೋಡೆಯ ಆಚೆಯಿಂದ ಮಗಳ ದನಿಯಲ್ಲೇ ಓ ಬರುತ್ತಿತ್ತು. ತಾಯಿ ಆ ಕಡೆ ಹುಡುಕಿಕೊಂಡು ಹೋದರೆ ಇನ್ನೊಂದು ನರಿ ಈ ಕಡೆಯಿಂದ ಅಡುಗೆಮನೆ ಹೊಕ್ಕಿರುತ್ತಿತ್ತು.

ಯಾರಿಗಾದರೂ ಒಳ್ಳೆಯದಾದರೆ, ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ದೆಯೇನೋ ಎಂದು ಬೇರೆ ಊರುಗಳಲ್ಲಿ ಈಗಲೂ ಕೇಳುತ್ತಾರಂತೆ. ನಾವಿಲ್ಲಿ ದಿನಾ ನೋಡುತ್ತೇವೆ. ಹಾಲಿನ ಬೂತಿನ ಮುಂದೆ, ಬಸ್‌ಸ್ಟ್ಯಾಂಡಿನ ಬೆಂಚಿನ ಕೆಳಗೆ, ಪಾಯಖಾನೆಯ ಮಾಡಿನ ಮೇಲೆ. ಇಡೀ ಊರು ನರಿ ಮುಖ ನೋಡಿಯೇ ಏಳುತ್ತದೆ. ಇವತ್ತಿನವರೆಗೂ ಯಾರೊಬ್ಬರ ಹಣೆಬರಹವೂ ಬದಲಾದದ್ದನ್ನು ನಾನು ಕಾಣೆ.

ನರಿಯ ವಿಷಯದಲ್ಲಿ ಎರಡು ಸಂಗತಿಗಳು ನಮ್ಮ ಊರಿನ ಕೂಸಿಗೂ ಗೊತ್ತು. ಮೊದಲನೆಯದು, ನರಿ ತಾನು ಕೇಳಿಸಿಕೊಂಡ ಓ ಮಾತ್ರ ಹೇಳುತ್ತದೆ. ಯಾರ ದನಿಯನ್ನು ಕೇಳಿದೆಯೋ ಅದೇ ದನಿ, ಅದೇ ಎಳೆತ, ನೆಗಡಿಯಿದ್ದರೆ ನೆಗಡಿಯ ಸಮೇತ. ತನ್ನದೆಂದು ಏನನ್ನೂ ಸೇರಿಸುವುದಿಲ್ಲ. ಎರಡನೆಯದು, ಅದಕ್ಕೆ ಬರುವುದು ಅದೊಂದೇ ಅಕ್ಷರ. ಹೆಸರು ಹೇಳು ಎಂದರೆ ಹೇಳಲಾರದು, ಎಲ್ಲಿದ್ದೀಯ ಎಂದರೂ ಓ ಎನ್ನುತ್ತದೆ. ಹಿಂದೆ ಓ ಕೇಳಿ ತಮ್ಮವರೆಂದು ನಂಬಿ ಕಾಲುವೆಗೆ ಇಳಿದ ಇಬ್ಬರು ನೀರಿನಲ್ಲಿ ಕೊಚ್ಚಿಹೋದರು. ಅಗ್ನಿಶಾಮಕದವರು ಹಗ್ಗ ಏಣಿ ಹೊತ್ತು ಬಂದು ನರಿಗಳನ್ನು ಮೇಲಕ್ಕೆತ್ತಿ ಎತ್ತಿ ಬೇಸತ್ತರು. ಆಗ ಬಂದದ್ದು ಎರಡನೇ ಮಾತಿನ ಕಾಯಿದೆ. ಓ ಕೇಳಿದರೆ ಇನ್ನೊಂದು ಮಾತಾಡಿಸಬೇಕು. ಆ ಎರಡನೇ ಮಾತು ಬಂದರೆ ಮನುಷ್ಯ, ಬಾರದಿದ್ದರೆ ನರಿ. ಇದಕ್ಕೆ ಎರಡನೇ ಮಾತಿಲ್ಲ ಎಂದು ನಾವೇ ತಮಾಷೆ ಮಾಡುತ್ತಿದ್ದೆವು.

ಇಂಥ ಊರಿನಲ್ಲಿ ಓ ಎನ್ನುವುದನ್ನು ಬಿಡದೆ ಉಳಿದವಳು ನನ್ನ ಅಕ್ಕ ಕೆಂಚಮ್ಮ ಒಬ್ಬಳೇ. ನಾನು ಬಸ್‌ಸ್ಟ್ಯಾಂಡಿನ ಎದುರಿಗೆ ಮೆಷಿನ್ನು ಇಟ್ಟುಕೊಂಡು ಬ್ಯಾಗು ರಿಪೇರಿ ಮಾಡುವವನು. ಹರಿದ ಜಿಪ್ಪು, ಕಿತ್ತ ಕಿವಿ, ಸೋರುವ ತಳ, ಎಲ್ಲ ಹೊಲಿಯುತ್ತೇನೆ. ಅಕ್ಕ ಸೊಪ್ಪು ಮಾರುತ್ತಿದ್ದಳು. ನಮ್ಮವ್ವ ತೀರಿಕೊಂಡಾಗ ನಾನು ಇನ್ನೂ ಚಡ್ಡಿ ಹಾಕುತ್ತಿದ್ದೆ. ಆಮೇಲೆ ನನಗೆ ತಲೆ ಬಾಚಿದವಳು, ಬೈದವಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದವಳು ಅವಳೇ. ಗಂಡ ಸತ್ತ ಮೇಲೆ ನನ್ನ ಜೊತೆಗೇ ಬಂದು ಉಳಿದಳು. ನಾನು ಮದುವೆಯಾಗಲಿಲ್ಲ. ಆಗಲಿಲ್ಲವೇಕೆ ಎಂದು ಕೇಳಿದವರಿಗೆ ಅಕ್ಕ, ಅವನಿಗೆ ಬೈಯೋಕೆ ನಾನೊಬ್ಳು ಸಾಲದಾ ಎಂದು ತಿರುಗಿ ಕೇಳುತ್ತಿದ್ದಳು.

ಅವಳ ಓ ಉದ್ದನೆಯದು. ತಗ್ಗಿನಲ್ಲಿ ಶುರುವಾಗಿ ಮೇಲಕ್ಕೇರಿ, ಕೊನೆಯಲ್ಲಿ ಏನೀಗ ಎಂದು ಕೇಳುವಂತೆ ನಿಲ್ಲುತ್ತಿತ್ತು. ನಾನು ಬೀದಿ ಕೊನೆಯಿಂದ ಅಕ್ಕಾ ಎಂದರೆ ಅವಳು ಒಲೆಯ ಮುಂದಿನಿಂದ ಓ ಎನ್ನುವಳು, ಅರ್ಧ ಬೀದಿಗೆ ಕೇಳಿಸುವಂತೆ. ಓ ಎನ್ನಬೇಡಿ ಎಂದು ಬರೆದ ನಗರಸಭೆಯ ಬೋರ್ಡಿನ ಕೆಳಗೇ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತು ಗಿರಾಕಿಗಳಿಗೆ ಓಗೊಡುತ್ತಿದ್ದಳು. ಒಂದು ದಿನ ನಾನು ಸಿಟ್ಟಿನಿಂದ ಅವಳ ಮುಂದೆ ತಟ್ಟೆ ಸೌಟು ಇಟ್ಟು, ಇನ್ನು ಮೇಲೆ ಇದನ್ನು ಬಡಿ ಎಂದೆ. ಅವಳು ಸೌಟನ್ನು ಸಾರಿನ ಪಾತ್ರೆಗೆ ಹಾಕಿದಳು.

"ಕರ್ದೋರಿಗೆ ತಟ್ಟೆ ಬಡಿಯಾಕೆ ನಾನೇನು ಭಿಕ್ಸಕ್ಕೆ ಬಂದೀನೇನ್ಲಾ?" ಎಂದಳು. "ಅವ್ವ ನಂಗೆ ಕಲ್ಸಿದ್ದು ಅದೊಂದು ಅಕ್ಸರ. ಅದ್ನೂ ನರಿ ಕೈಗೆ ಕೊಟ್ಬುಟ್ಟು ಸುಮ್ಕೆ ಕೂತ್ಕಳ್ಳಾ? ಕರುದ್ರೆ ಓ ಅನ್ನದೋರು ಮನುಸ್ರೇನ್ಲಾ?"

ಅವಳ ಮಾತಿಗೆ ಎದುರಾಡಿ ಗೆದ್ದವರಿಲ್ಲ. ಆದರೆ ಅದರಿಂದಾದ ಪರಿಣಾಮ ಒಂದಿತ್ತು. ನಮ್ಮ ಕಡೆಯ ನರಿಗಳಿಗೆ ಕಲಿಯಲು ಬೇರೆ ಯಾರ ಓ ಸಿಗದಂತಾಗಿ, ಎಲ್ಲವೂ ಅಕ್ಕನ ಓ ಕಲಿತವು. ಬಸ್‌ಸ್ಟ್ಯಾಂಡಿನ ನರಿಯೂ ಅಕ್ಕ, ಬೇಕರಿಯ ಹಿಂದಿನ ನರಿಯೂ ಅಕ್ಕ, ಕಾಲುವೆಯ ಹಿಂಡೆಲ್ಲ ಅಕ್ಕ. ಸಂಜೆ ಬೀದಿಯ ಮಕ್ಕಳು ಸೇತುವೆಯ ಮೇಲೆ ನಿಂತು ಕೆಂಚಕ್ಕಾ ಎಂದು ಕೂಗುವುದು ಒಂದು ಆಟವಾಯಿತು. ನಾಲ್ಕೂ ದಿಕ್ಕಿನಿಂದ ಓ, ಓ, ಓ. ಅಕ್ಕ ಮನೆಯೊಳಗಿನಿಂದ ತಾನೂ ಒಂದು ಓ ಸೇರಿಸಿ ನಗುತ್ತಿದ್ದಳು. ಹಿಟ್ಟಿನ ಮಿಲ್ಲಿನ ಸಾಕಮ್ಮನಿಗೆ ಮಾತ್ರ ಈ ಆಟ ಹಿಡಿಸುತ್ತಿರಲಿಲ್ಲ. ಮಿಲ್ಲಿನ ಹಿಂದೆ ಮುದಿ ನರಿಯೊಂದಿದೆ. ಸತ್ತುಹೋದ ಅವಳ ಗಂಡನ ಓ ಅದರ ಬಾಯಲ್ಲಿ ಉಳಿದಿದೆ. ಸಾಕಮ್ಮ ಮಿಲ್ಲು ಮುಚ್ಚುವ ಮುನ್ನ ಅವನ ಹೆಸರು ಹಿಡಿದು ಒಂದು ಸಲ ಕರೆಯುತ್ತಾಳೆ, ಒಂದು ಓ ಕೇಳಿಸಿಕೊಂಡು ಬಾಗಿಲು ಎಳೆಯುತ್ತಾಳೆ. ಗಿರಾಕಿಗಳು ಆ ಹೊತ್ತಿಗೆ ತಕ್ಕಡಿ ನೋಡುತ್ತಿರುತ್ತಾರೆ.

ಆ ವರ್ಷದ ಮೊದಲ ಮಳೆ ಬಂದು ನಿಂತ ಮೇಲೆ ಕಾಲುವೆಯ ಅಂಚಿನಲ್ಲಿ ಹೊನಗೊನೆ ಸೊಪ್ಪು ಚಿಗುರಿತ್ತು. ಅಕ್ಕ ಮಧ್ಯಾಹ್ನ ಊಟ ಮಾಡಿ ಬುಟ್ಟಿ ಎತ್ತಿಕೊಂಡು ಹೋದಳಂತೆ. ನಾನು ಸಂಜೆ ಬಂದಾಗ ಮನೆಗೆ ಬೀಗ ಇತ್ತು. ಸಾಕಮ್ಮನ ಮಿಲ್ಲಿನಲ್ಲಿ ಹರಟೆಗೆ ಕೂತಿರಬಹುದೆಂದು ಹೋದರೆ ಅಲ್ಲಿರಲಿಲ್ಲ. ಬೋರ್ಡಿನ ಕೆಳಗೆ ಇರಲಿಲ್ಲ. ಕಾಲುವೆಯ ಸೇತುವೆಗೆ ಬಂದೆ. ಮೇಲಿನ ಬಡಾವಣೆಗಳಲ್ಲಿ ಮತ್ತೆ ಮಳೆಯಾಗಿತ್ತೆಂದು ಕಾಣುತ್ತದೆ, ನೀರು ಕೆಂಪಗೆ ಏರುತ್ತಿತ್ತು. ಚಪ್ಪಡಿಗಳಲ್ಲಿ ಮುಕ್ಕಾಲು ಪಾಲು ಎಂದೋ ಮುರಿದವು. ಮುರಿದ ಕಡೆಯೆಲ್ಲ ಸೊಪ್ಪು ಬೆಳೆದು ಮುಚ್ಚಿಕೊಂಡಿದೆ. ಯಾವುದು ಹಳೆಯ ತೂತು, ಯಾವುದು ಹೊಸದು ಎಂದು ಮೇಲಿನಿಂದ ಹೇಳಲಾಗುವುದಿಲ್ಲ.

ನಾನು ಅಕ್ಕಾ ಎಂದು ಕೂಗಿದೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಓ ಬಂತು. ಬೇಕರಿಯ ಹಿಂದಿನಿಂದ ಬಂತು. ಚಪ್ಪಡಿಗಳ ಕೆಳಗಿನಿಂದ ಒಂದಲ್ಲ, ಐದಾರು ಬಂದವು. ಅವುಗಳ ನಡುವೆ ಒಂದು ಓ ಸ್ವಲ್ಪ ತಡವಾಗಿ ಬಂದಂತೆ ನನಗನ್ನಿಸಿತು. ನೀರಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಮತ್ತೆ ಎಲ್ಲವೂ ಒಟ್ಟಿಗೇ ಓ ಎಂದವು, ಕೊನೆಗೆ ಮತ್ತೆ ಒಂದು. ನಾನು ಪಂಚೆ ಎತ್ತಿಕಟ್ಟಿ ಇಳಿಯಲು ಹೊರಟೆ.

ನನ್ನನ್ನು ತೋಳು ಹಿಡಿದು ನಿಲ್ಲಿಸಿದವನು ಮೇಸ್ತ್ರಿ ಬಳೇಶ. ನನ್ನ ಕೂಗು ಕೇಳಿ ಅವನೂ ಇನ್ನು ನಾಲ್ಕು ಜನರೂ ಓಡಿಬಂದಿದ್ದರು. ಅವನು ಕೆಟ್ಟವನಲ್ಲ. ನೀರಿನಲ್ಲಿ ಹೋದ ಇಬ್ಬರಲ್ಲಿ ಒಬ್ಬ ಅವನ ತಮ್ಮ.

"ಮೂಡ್ಲಗಿರಿ, ಎರಡನೇ ಮಾತು ಕೇಳು," ಎಂದ. "ಬಂತು ಅಂದ್ರೆ ನಿನಗಿಂತ ಮುಂಚೆ ನಾನು ಇಳೀತೀನಿ. ನಮ್ಮಪ್ಪನಾಣೆ."

ಉಳಿದವರೂ ಅದನ್ನೇ ಹೇಳಿದರು. ನಾನು ಸೇತುವೆಯ ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿ, ಅಕ್ಕಾ, ನನ್ನ ಹೆಸರು ಹೇಳೇ ಎಂದು ಕೂಗಿದೆ. ಓ, ಓ, ಓ. ನಿನ್ನ ಹೆಸರು ಹೇಳು, ಏನಾದರೂ ಹೇಳು, ನನಗೆ ಬೈಯಿ ಎಂದೆ. ಓ. ಎಲ್ಲರೂ ಬಗ್ಗಿ ಕಿವಿಗೊಟ್ಟರು. ಜನ್ಮದಲ್ಲಿ ನನಗೆ ಬೈಯುವ ಅವಕಾಶ ಬಿಟ್ಟವಳಲ್ಲ ಅವಳು. ಬೈಗುಳ ಬರಲಿಲ್ಲ. ಕೊನೆಯದೊಂದು ಓ ಬಂತು, ಅಷ್ಟೆ. ಮೇಸ್ತ್ರಿ ನನ್ನ ತೋಳು ಬಿಡಲಿಲ್ಲ. ಒಬ್ಬರು ಅಗ್ನಿಶಾಮಕಕ್ಕೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಕಡೆಯವನು ಮರ್ಯಾದೆಯಿಂದಲೇ, ಎರಡನೇ ಮಾತು ಕೇಳಿಸಿತಾ ಸಾರ್ ಎಂದು ಕೇಳಿದ. ನಾನು ಇಲ್ಲ ಎಂದೆ. ಹಾಗಾದರೆ ಮನೆಗೆ ಹೋಗಿ ಸಾರ್, ನಿಮ್ಮವರು ಎಲ್ಲೋ ಹೋಗಿರುತ್ತಾರೆ, ಬರುತ್ತಾರೆ ಎಂದ.

ಮನೆಗೆ ಬಂದೆವು. ಅನ್ನ ಬೇಯಿಸಿಟ್ಟು ಕೂತೆ. ಬೆಳಕಾಗುತ್ತಲೇ ಮತ್ತೆ ಸೇತುವೆಗೆ ಹೋಗಿ ಕರೆದೆ. ಆಗಲೂ ಓ ಎಂದವು. ಆ ಹೊತ್ತಿಗೆ ನೀರು ಏರಿ ಒಳಗಿನ ಕಟ್ಟೆಗೆ ಸ್ವಲ್ಪವೇ ಕೆಳಗಿತ್ತು, ಇಳಿಯುವ ಮಾತೇ ಇರಲಿಲ್ಲ. ಪೊಲೀಸಿಗೆ ಹೇಳಿದೆ, ಅವರು ಆಸ್ಪತ್ರೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದರು. ಮಧ್ಯಾಹ್ನ ಕರೆದೆ, ಸಂಜೆ ಕರೆದೆ. ಅದರ ಮಾರನೆಯ ದಿನವೂ ಹೋದೆ. ಪ್ರತಿ ಸಲವೂ ಓ. ಅಕ್ಕನ ದನಿ ಎಲ್ಲ ಕಡೆಯೂ ಇತ್ತು, ಅಕ್ಕ ಎಲ್ಲೂ ಇರಲಿಲ್ಲ.

ನೀರು ಇಳಿದ ಮೇಲೆ ಹೂಳೆತ್ತುವವರಿಗೆ ಅವಳು ಸಿಕ್ಕಳು. ಸೊಪ್ಪು ಕೊಯ್ಯುತ್ತಿದ್ದಾಗ ಕಾಲ ಕೆಳಗಿನ ಚಪ್ಪಡಿ ಕುಸಿದು, ಅದರ ಜೊತೆಗೇ ಒಳಗಿನ ಕಟ್ಟೆಯ ಮೇಲೆ ಬಿದ್ದಿದ್ದಳು. ಪಕ್ಕದ ಚಪ್ಪಡಿ ಎದೆಯ ಮೇಲೆ ಬಿದ್ದಿತ್ತು. ಕಟ್ಟೆ ಎತ್ತರದಲ್ಲಿದ್ದುದರಿಂದ ನೀರು ಅವಳನ್ನು ಮುಟ್ಟಿರಲಿಲ್ಲ, ಅವಳ ಪಕ್ಕದಲ್ಲಿ ನರಿಮರಿಗಳಿದ್ದವು. ಅವು ಅವಳಿಗೆ ಏನೂ ಮಾಡಿರಲಿಲ್ಲ. ಸೇತುವೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಜಾಗ ಅದು. ನಾನು ಹೋಗಿ ನೋಡಿಬಂದೆ.

ಮಣ್ಣು ಮಾಡಿ ಬಂದ ದಿನ ಮೇಸ್ತ್ರಿ ನನ್ನ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದ. ಏನೋ ಹೇಳಬೇಕೆಂದು ಬಂದು ಬೀಡಿ ಸೇದುವುದರಲ್ಲೇ ಕಳೆದ. ಏಳುವಾಗ ಹೇಳಿದ.

"ಅಷ್ಟು ದೊಡ್ ಚಪ್ಪಡಿ ಕಣಪ್ಪ. ಬಿದ್ದೇಟಿಗೇ ಜೀವ ಹೋಗಿರ್ತದೆ. ನಾವು ಕೇಳಿದ್ದು ನರೀದೇಯ."

ಆಸ್ಪತ್ರೆಯವರೂ ಹಾಗೇ ಹೇಳಿದ್ದರು, ಅಥವಾ ನನ್ನ ಮುಖ ನೋಡಿ ಹಾಗೆ ಹೇಳಿದ್ದರು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಅದೇ ಮಾತು ಹೇಳಿ ಹೋದರು. ನಾನು ನಂಬಿದೆ. ನಂಬದೆ ಅನ್ನ ಇಳಿಯುವಂತಿರಲಿಲ್ಲ. ಒಂದು ಏಟು, ಒಂದು ಕ್ಷಣ, ಅವಳಿಗೆ ಏನೂ ಗೊತ್ತೇ ಆಗಿಲ್ಲ ಎಂದು ಮೆಷಿನ್ನು ತುಳಿಯುತ್ತಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನಗೆ ಬೇಕಾಗಿದ್ದುದು ಅದೊಂದೇ. ಅವಳು ಹೋದದ್ದನ್ನು ಹೇಗೋ ತಡೆದುಕೊಳ್ಳಬಹುದು. ನಾನು ಮೇಲೆ ನಿಂತು ಕೂಗುತ್ತಿದ್ದಾಗ ಅವಳು ಕೆಳಗಿನಿಂದ ಓ ಎನ್ನುತ್ತಿದ್ದಳು ಎಂಬುದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಓಣಿಯಲ್ಲಿ ನರಿಗಳು ಅವಳ ಹಳೆಯ ಉದ್ದನೆಯ ಓ ಎನ್ನುವಾಗ ಕೈಗೆತ್ತಿಕೊಂಡ ತುತ್ತನ್ನು ತಟ್ಟೆಗೇ ಇಡುತ್ತಿದ್ದೆ. ಆದರೂ ಅದರಲ್ಲಿ ಅವಳ ಗತ್ತಿತ್ತು, ಒಲೆಯ ಮುಂದಿನ ಅಕ್ಕನಿದ್ದಳು. ಸಾಕಮ್ಮ ಯಾಕೆ ಬಾಗಿಲು ಎಳೆಯುವ ಮುನ್ನ ಕರೆಯುತ್ತಾಳೆಂದು ನನಗೆ ಗೊತ್ತಾಯಿತು. ನಾನು ಕರೆಯಲಿಲ್ಲ. ಮಕ್ಕಳೂ ಆ ಆಟ ಬಿಟ್ಟಿದ್ದರು.

ಮಳೆಗಾಲ ಕಳೆಯಿತು. ಕಾಲುವೆಯ ಮರಿಗಳು ದೊಡ್ಡವಾಗಿ ಬೀದಿಗೆ ಬರತೊಡಗಿದವು. ಜನರ ಜೊತೆ ಸಿಗ್ನಲ್ಲಿನಲ್ಲಿ ನಿಲ್ಲುವುದನ್ನು ಅವೂ ಕಲಿತವು. ಒಂದು ಸಂಜೆ ನಾನು ಮೆಷಿನ್ನಿಗೆ ಗೋಣಿ ಮುಚ್ಚಿ ಮನೆಗೆ ಬರುವಾಗ ಸೇತುವೆಯ ಮೇಲೆ ಮಕ್ಕಳು ಸೇರಿದ್ದರು. ಮರೆತು, ಅಥವಾ ಮಕ್ಕಳಾದ್ದರಿಂದ, ಒಂದು ಹುಡುಗಿ ಕೆಂಚಕ್ಕಾ ಎಂದು ಕೂಗಿದಳು. ಬಸ್‌ಸ್ಟ್ಯಾಂಡಿನಿಂದ, ಬೇಕರಿಯಿಂದ ಹಳೆಯ ಓ ಬಂತು. ಆಮೇಲೆ ಕಾಲುವೆಯೊಳಗಿನಿಂದ, ಸ್ವಲ್ಪ ತಡವಾಗಿ, ಇನ್ನೊಂದು ಬಂತು.

ಅದು ಅಕ್ಕನದೇ. ಆದರೆ ಮೇಲಕ್ಕೇರಲಿಲ್ಲ. ತಗ್ಗಿನಲ್ಲಿ ಶುರುವಾಗಿ, ಅರ್ಧಕ್ಕೆ ನಿಂತು, ಉಸಿರೆಳೆದುಕೊಂಡು, ಉಳಿದರ್ಧವನ್ನು ಮುಗಿಸಿತು. ಎದೆಯ ಮೇಲೆ ಭಾರ ಹೊತ್ತವರು ಓ ಎಂದರೆ ಹೇಗಿರುತ್ತದೋ ಹಾಗೆ. ಹುಡುಗಿ ಹೆದರಿ ಹಿಂದೆ ಸರಿದಳು. ಎದುರಿನಿಂದ ಬರುತ್ತಿದ್ದ ಮೇಸ್ತ್ರಿ ಅಲ್ಲೇ ನಿಂತ. ಕಾಲುವೆಯ ಎರಡನೆಯ ಮರಿ ಓ ಎಂದಿತು. ಅದರಲ್ಲಿ ಮೊದಲರ್ಧ ಮಾತ್ರ ಇತ್ತು. ಮೂರನೆಯದು ಬರೀ ಗಾಳಿ. ಕಿವಿಗೊಟ್ಟರೆ ಅದರೊಳಗೆ ಎಲ್ಲೋ ಓ ಇದೆ ಎಂದು ತಿಳಿಯುತ್ತಿತ್ತು. ಒಂದೊಂದು ಮರಿ ಒಂದೊಂದು ಹೊತ್ತಿನದನ್ನು ಕಲಿತಿತ್ತು. ಸಂಜೆಯದನ್ನು ಒಂದು, ಬೆಳಗಿನದನ್ನು ಒಂದು, ಅದರ ಮಾರನೆಯ ದಿನದ್ದನ್ನು ಒಂದು. ನಾನು ಹೋಗಿ ಕರೆದ ಪ್ರತಿ ಸಲವೂ ಅವಳು ಓಗೊಟ್ಟಿದ್ದಳು.

ನರಿ ಕೇಳಿಸಿಕೊಂಡದ್ದನ್ನು ಮಾತ್ರ ಹೇಳುತ್ತದೆ. ಇದು ಮೇಸ್ತ್ರಿಗೂ ಗೊತ್ತು. ಅವನು ಸೇತುವೆಯ ಕಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನನ್ನ ಕಡೆ ನೋಡಲಿಲ್ಲ. ಓ ಎನ್ನಲು ತುಟಿಗೆ ತುಟಿ ತಾಗಬೇಕಾಗಿಲ್ಲ, ನಾಲಿಗೆ ಏಳಬೇಕಾಗಿಲ್ಲ, ಚೂರು ಉಸಿರಿದ್ದರೆ ಸಾಕು. ಅವಳಲ್ಲಿ ಅಷ್ಟು ಇತ್ತು. ಅಷ್ಟನ್ನೂ ಅವಳು ನನಗೆ ಕೊಟ್ಟಳು. ನಾನು ಮೇಲಿನಿಂದ ಮೂಡ್ಲಗಿರಿ ಎನ್ನು ಎಂದು ಕೇಳಿದೆ. ನನ್ನ ಹೆಸರಾದರೂ ಚಿಕ್ಕದಾಗಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಹುಚ್ಚು ಯೋಚನೆ ಎಂದು ಗೊತ್ತು.

ಎರಡನೇ ಮಾತಿನ ಕಾಯಿದೆಯನ್ನು ಆಮೇಲೂ ಯಾರೂ ತೆಗೆಯಲಿಲ್ಲ. ತೆಗೆದು ಏನು ಮಾಡುವುದು, ಓ ಕೇಳಿದವರೆಲ್ಲ ಕಾಲುವೆಗೆ ಇಳಿಯುವುದೇ ಎಂದು ನಗರಸಭೆಯವರು ಕೇಳಿದರು. ಕಾಲುವೆಯ ಹಿಂಡನ್ನು ಹಿಡಿಸಿ ದೂರ ಬಿಡಿಸುತ್ತೇವೆ, ನಿಮಗೆ ಸಮಾಧಾನವಾದರೆ ಎಂದೂ ಕೇಳಿದರು. ಬೇಡ ಎಂದೆ. ಅವಳು ಕೊನೆಯದಾಗಿ ಆಡಿದ್ದು ಆ ಮೂರು ಬಾಯಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನು ಕೇಳಿಸಿಕೊಂಡು ಬದುಕಲಾರೆ. ಅದಿಲ್ಲದ ಬೀದಿಯಲ್ಲೂ ಬದುಕಲಾರೆ. ಮೇಸ್ತ್ರಿ ಮನೆ ಬದಲಾಯಿಸಿ ಊರಿನ ಆಚೆ ತುದಿಗೆ ಹೋದ.

ಒಂದು ಸಂಜೆ ಯಾರೂ ಕರೆಯದಿದ್ದರೂ ಕಾಲುವೆಯಿಂದ ಆ ಅರ್ಧಕ್ಕೆ ನಿಂತ ಓ ಬಂತು. ಮರಿಗೆ ಹಸಿವಾಗಿತ್ತೋ ಏನೋ. ನಾನು ಸೇತುವೆಯ ಮೇಲಿದ್ದೆ. ಅದು ನನಗೆ ಓಗೊಟ್ಟಂತೆ ಕೇಳಿಸಲಿಲ್ಲ, ಕರೆದಂತೆ ಕೇಳಿಸಿತು. ಕರೆದರೆ ಓ ಎನ್ನದವರು ಮನುಷ್ಯರೇ ಎಂದು ಅವಳು ಕೇಳಿದ್ದಳಲ್ಲ. ಸೇತುವೆಗೂ ಹಾಕಿದ್ದ ಅದೇ ಬೋರ್ಡಿನ ಎದುರಿಗೇ ನಿಂತು ನಾನು ಬಾಯಿ ತೆರೆದು ಓ ಎಂದೆ. ಚಿಕ್ಕಂದಿನಲ್ಲಿ ಬಿಟ್ಟ ಅಕ್ಷರ, ಗಂಟಲು ಒಡೆದು ಅಳುವಂತೆ ಬಂತು. ದಾರಿಹೋಕರು ನಿಂತು ನೋಡಿ, ಬೇಗ ಬೇಗ ಹೋದರು.

ನರಿಗಳು ಅದನ್ನೂ ಕಲಿತವು. ಈಗ ನಾನು ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದರೂ ಸಂಜೆಯಾದರೆ ಕೇಳಿಸುತ್ತದೆ. ಕಾಲುವೆಯೊಳಗೆ ಮೊದಲು ಅಕ್ಕ ಓ ಎನ್ನುತ್ತಾಳೆ. ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಆಮೇಲೆ ಅವಳ ಪಕ್ಕದಿಂದಲೇ ನಾನು ಓ ಎನ್ನುತ್ತೇನೆ.